ಬಿಟ್ಟ ಕಂಪನಿಗಳ ಒಡೆಯರು

ಕೊಪ್ಪಳ ಜಿಲ್ಲೆಯಲ್ಲಿ ನನ್ನ ಷಡ್ಡಕರಷ್ಟು ಕಂಪನಿಗಳನ್ನು ಕೊಳ್ಳದೇ ಬಿಟ್ಟವರು ಇನ್ನೊಬ್ಬರಿಲ್ಲ!

ನಗಬೇಡಿ. ಕೊಳ್ಳದೇ ಬಿಡುವುದರಲ್ಲಿ ಏನು ಹೆಚ್ಚುಗಾರಿಕೆ, ನಾನೂ ಕೊಂಡಿಲ್ಲ, ನೀವೂ ಕೊಂಡಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ನಾವು ಕೊಳ್ಳದಿರುವುದಕ್ಕೂ ಅವರು ಕೊಳ್ಳದಿರುವುದಕ್ಕೂ ಅಜಗಜಾಂತರ. ನಾವು ಕೊಳ್ಳಲಿಲ್ಲವೆಂಬುದು ನಮ್ಮ ಹೆಂಡತಿಯರಿಗೂ ಗೊತ್ತಾಗುವುದಿಲ್ಲ. ಅವರು ಒಂದು ಕಂಪನಿ ಕೊಳ್ಳಲಿಲ್ಲವೆಂದರೆ ಆ ಸುದ್ದಿ ಬೀಗರ ಮನೆಗಳಲ್ಲೆಲ್ಲ ಹಬ್ಬುತ್ತದೆ, ಹೋದಲ್ಲೆಲ್ಲ ಮಣೆ ಹಾಕಿ ಕೂರಿಸಿ ಅದರ ಕಥೆ ಕೇಳುತ್ತಾರೆ. ಗೆದ್ದವನನ್ನು ಕಂಡು ಹೊಟ್ಟೆಕಿಚ್ಚು ಪಡುವುದು ಲೋಕಾರೂಢಿ. ಸೋತಾಗಲೂ ನನ್ನ ಹೊಟ್ಟೆಗೆ ಕಿಚ್ಚಿಟ್ಟವರು ಇವರೊಬ್ಬರೇ.

ಮೊದಲು ಪರಿಚಯ ಮಾಡಿಕೊಡಬೇಕು. ನಾನು ಕುಷ್ಟಗಿಯಲ್ಲಿ ಪಿಯು ಕಾಲೇಜಿನ ಇತಿಹಾಸ ಉಪನ್ಯಾಸಕ. ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಅವರದೊಂದು ಟೆಕ್ನಾಲಜಿ ಕಂಪನಿ. ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ಕೊಪ್ಪಳದ ಗೊಬ್ಬರದ ಅಂಗಡಿಗಳಿಗೆ ಬಿಲ್ಲು ಮಾಡುವ ಸಾಫ್ಟ್‌ವೇರ್ ಬರೆದುಕೊಡುತ್ತಾರೆ. ಕಂಪನಿ ಚೆನ್ನಾಗಿಯೇ ನಡೆಯುತ್ತಿದೆ. (ಈ ವಾಕ್ಯ ಬರೆಯುವಾಗ ಪೆನ್ನು ತುಸು ತಡವರಿಸಿತು.) ಆಫೀಸು ಒಂದು ಹಿಟ್ಟಿನ ಗಿರಣಿಯ ಮೇಲಿದೆ. ಕೆಳಗೆ ಯಾರಾದರೂ ಜೋಳ ಬೀಸಲು ಹಾಕಿದರೆ ಮೇಲೆ ಕಂಪ್ಯೂಟರುಗಳು ನಡುಗುತ್ತವೆ. ಕರಿ ತಲೆಯಲ್ಲಿ ಹತ್ತಿದವರು ಬಿಳಿ ತಲೆಯಲ್ಲಿ ಇಳಿಯುತ್ತಾರೆ. "ನಮ್ಮ ಡಾಟಾ ಎಲ್ಲಾ ಕ್ಲೌಡ್‌ನ್ಯಾಗ ಐತ್ರಿ ಮಾಸ್ತರ್ರ" ಎಂದು ಅವರು ಮೊದಲ ಸಲ ಹೇಳಿದಾಗ, ಕಿಟಕಿಯಿಂದ ಏರಿಬರುತ್ತಿದ್ದ ಹಿಟ್ಟಿನ ಮೋಡ ನೋಡಿ ನಾನು ಹೌದೆಂದೇ ನಂಬಿದೆ!

ಅಂದಹಾಗೆ, ಮಾಸ್ತರ ಎಂದರೆ ನಾನೇ. ಉಪನ್ಯಾಸಕ ಎಂದು ಎಷ್ಟು ತಿದ್ದಿದರೂ ಅವರ ಬಾಯಲ್ಲಿ ನಾನು ಮಾಸ್ತರನೇ. ಅವರು ಮಾತ್ರ ಬಾಗಿಲ ಮೇಲೆ 'ಸಿಇಒ' ಎಂದು ಹಿತ್ತಾಳೆಯ ಅಕ್ಷರ ಹೊಡೆಸಿಕೊಂಡಿದ್ದಾರೆ. ನಮ್ಮ ಕಡೆ ಸಿಇಒ ಎಂದರೆ ಜಿಲ್ಲಾ ಪಂಚಾಯಿತಿಯ ದೊಡ್ಡ ಸಾಹೇಬರು. ಹೀಗಾಗಿ ಒಮ್ಮೆ ಹಳ್ಳಿಯ ಅಜ್ಜನೊಬ್ಬ ಗಟಾರದ ಅರ್ಜಿ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ನಾನೂ ಅಲ್ಲಿದ್ದೆ. ಷಡ್ಡಕರು ಅರ್ಜಿಯನ್ನು ಪೂರ್ತಿ ಓದಿ, ಚಹಾ ತರಿಸಿ, ಗಟಾರ ಎಲ್ಲಿ ಕಟ್ಟಿಕೊಂಡಿದೆ, ಎಲ್ಲಿಂದ ತುಂಬಿ ಹರಿಯುತ್ತದೆ ಎಂದೆಲ್ಲ ವಿಚಾರಿಸಿ "ನೋಡೋಣ" ಎಂದರು. ಆಮೇಲೆ ಆಫೀಸಿನವರೊಬ್ಬರ ಬೈಕಿನ ಮೇಲೆ ಅಜ್ಜನನ್ನು ಹತ್ತಿಸಿ ಸರಿಯಾದ ಆಫೀಸಿಗೆ ಕಳಿಸಿದರು.

"ನೀವು ಆ ಸಿಇಒ ಅಲ್ಲಂತ ಮೊದಲs ಹೇಳಬೇಕಿತ್ತಲ್ರಿ?" ಎಂದೆ.

"ಮೊದಲs ಹೇಳಿದ್ರ ಅಜ್ಜ ಚಾ ಕುಡೀಲಾರದ ಇಳದು ಹೋಗ್ತಿದ್ದ."

ಅಜ್ಜ ಹೋಗುವಾಗ ಅವರಿಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷ ಸರ್ಕಾರಿ ಕೆಲಸದಲ್ಲಿರುವ ನನ್ನ ಕೈಗೆ ಒಬ್ಬನಾದರೂ ಅರ್ಜಿ ಕೊಟ್ಟಿದ್ದಾನೆಯೇ? ಹುಡುಗರ ರಜಾ ಅರ್ಜಿ ಬಿಟ್ಟು!

ಇನ್ನು ಕಂಪನಿಗಳ ವಿಷಯಕ್ಕೆ ಬರೋಣ. ಗಂಗಾವತಿಯ ಕಡೆ ಆಂಧ್ರದಿಂದ ಬಂದು ನೆಲೆಸಿದ ಭತ್ತದ ರೈತರ ಒಂದು ಕ್ಯಾಂಪಿನಿಂದ ಗಂಡ ಹೆಂಡತಿ ಇಬ್ಬರು ಅವರನ್ನು ಹುಡುಕಿಕೊಂಡು ಬಂದಿದ್ದರು. ಭತ್ತ ಕೊಯ್ಯುವ ಯಂತ್ರವನ್ನು ರೈತರು ಮೊಬೈಲಿನಲ್ಲೇ ಗೊತ್ತುಮಾಡಿಕೊಳ್ಳುವ ಆ್ಯಪ್ ಒಂದನ್ನು ಕಟ್ಟಿದ್ದರು. ತಮಗೆ ಇನ್ನು ಮುಂದೆ ನಡೆಸುವುದು ಕಷ್ಟ, ನೀವು ಕೊಂಡುಕೊಳ್ಳಿ, ನಿಮ್ಮ ಕೈಕೆಳಗೆ ದುಡಿಯುತ್ತೇವೆ ಎಂದರು. ಷಡ್ಡಕರು ಕನ್ನಡಕ ಏರಿಸಿದರು.

"ಕೊಯ್ಯೋ ಮಷಿನ್ ನಿಮ್ಮವೇನ್ರಿ?"

"ಇಲ್ಲಂಡಿ" ಎಂದ ಗಂಡ.

"ಹೊಲ?"

"ಅದೂ ಇಲ್ರಿ ಸರ್" ಎಂದಳು ಹೆಂಡತಿ.

"ಭತ್ತ?"

ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು.

"ಮಷಿನ್ ನಿಮ್ದಲ್ಲ, ಹೊಲ ನಿಮ್ದಲ್ಲ, ಭತ್ತ ನಿಮ್ದಲ್ಲ. ಮತ್ತ ನಾ ಏನ್ ತೊಗೊಳ್ಳಿ? ಗಾಳಿನಾ?"

ಅವರು ಚಹಾ ಕುಡಿದು ಹೋದರು. ಹೈದರಾಬಾದಿನ ದೊಡ್ಡ ಕಂಪನಿಯೊಂದು ಆ ಗಾಳಿಯನ್ನು ಕೊಂಡಿತು. ಪತ್ರಿಕೆಯಲ್ಲಿ ಗಂಡ ಹೆಂಡತಿಯ ಫೋಟೋ ಬಂತು, ಇಬ್ಬರ ಕೊರಳಿಗೂ ಹಾರ. ಪತ್ರಿಕೆ ಕೈಗೆ ಬಂದ ದಿನ ನಾನು ಕಾಲೇಜಿಗೆ ಹಾಡು ಗುನುಗುತ್ತ ಹೋದೆ. ಇನ್ನು ನಮ್ಮ ಷಡ್ಡಕರ ಮುಖ ನೋಡಬೇಕು, ಅದೂ ನಾಗರಪಂಚಮಿಗೆ, ಅದೂ ಮಾವನ ಮನೆಯಲ್ಲಿ!

ನಮ್ಮ ಮಾವನವರದು ಯಲಬುರ್ಗಾ. ಕಾಳುಕಡಿ ವ್ಯಾಪಾರ ಮಾಡಿ ಈಗ ಮಗನಿಗೆ ಬಿಟ್ಟುಕೊಟ್ಟು ಆರಾಮವಾಗಿರುವವರು. ಲಾಭ, ಲುಕ್ಸಾನು ಎಂಬ ಎರಡು ಪದಗಳಿಗೆ ಮಾತ್ರ ಅವರ ಕಿವಿ ನಿಮಿರುತ್ತದೆ. ಹಬ್ಬದ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು: "ಏನ್ರೀ, ಗಂಗಾವತಿಯವ್ರು ಮೊದಲ ನಿಮ್ಮ ಕಡೆ ಬಂದಿದ್ರಂತ? ಯಾಕ ಬಿಟ್ರಿ?"

ನಾನು ತಾಟಿನಿಂದ ತಲೆ ಎತ್ತಿದೆ. ಈ ಕ್ಷಣಕ್ಕಾಗಿಯೇ ಅಲ್ಲವೇ ಕುಷ್ಟಗಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದದ್ದು!

ಷಡ್ಡಕರು ಅವಸರ ಮಾಡಲಿಲ್ಲ. ರೊಟ್ಟಿ ಮುರಿದು, ಬದನೆಕಾಯಿಯಲ್ಲಿ ಅದ್ದಿ, ಬಾಯಲ್ಲಿಟ್ಟುಕೊಂಡು, ನುಂಗಿ ಹೇಳಿದರು: "ಕಲ್ಚರ್ ಹೊಂದಲಿಲ್ರಿ ಮಾವಾರ. ಅವರದು ಅನ್ನದ ಕಲ್ಚರ್, ನಮ್ಮದು ರೊಟ್ಟಿ ಕಲ್ಚರ್. ಎರಡೂ ಕಂಪನಿ ಕೂಡಿಸಿದ್ರ ಮಧ್ಯಾಹ್ನ ಡಬ್ಬಿ ಬಿಚ್ಚೂದ್ರಾಗ ಜಗಳ ಹತ್ತತಿತ್ತು."

ರೊಟ್ಟಿಯಿಲ್ಲದೆ ಒಂದು ಹೊತ್ತೂ ಉಂಡರಿಯದ ಮಾವನವರು ಗಂಭೀರವಾಗಿ ತಲೆದೂಗಿದರು.

"ಮ್ಯಾಲಾಗಿ, ನಾ ಬಿಟ್ಟದ್ದಕ್ಕ ಅವರಿಗೆ ಹೈದರಾಬಾದ್‌ನವ್ರು ಸಿಕ್ರು. ನಾ ತೊಗೊಂಡಿದ್ರ ಪಾಪ, ಗಿರಣಿ ಹಿಟ್ಟು ಝಾಡಿಸ್ಕೋತ ಭಾಗ್ಯನಗರದಾಗ ಕುಂದರತಿದ್ರು. ಇನ್ನೊಬ್ರ ಅನ್ನಕ್ಕ ನಾವ್ಯಾಕ ಅಡ್ಡ ಬರಬೇಕು?"

ನೋಡಿದಿರಾ! ಕಣ್ಣಮುಂದೆಯೇ ಕೈತಪ್ಪಿದ ವ್ಯಾಪಾರ ದಾನವಾಗಿಬಿಟ್ಟಿತು! ಅತ್ತೆಯವರು "ಕೊಡೋ ಕೈ ನೋಡ್ರಿ ನಮ್ಮ ಅಳಿಯಂದು" ಎಂದು ಕಣ್ಣೊರೆಸಿಕೊಂಡು ಅವರ ತಾಟಿಗೆ ಇನ್ನೊಂದು ಶೇಂಗಾ ಉಂಡಿ ಇಟ್ಟರು. ಅಲ್ರೀ, ಆ ಗಂಡ ಹೆಂಡತಿ ಬಂದ ದಿನ ನಾನೂ ಅದೇ ಆಫೀಸಿನಲ್ಲಿ ಕೂತಿದ್ದೆ. ಆ ಕಂಪನಿಯನ್ನು ನಾನೂ ಕೊಳ್ಳಲಿಲ್ಲ. ನನಗೆ ಸಿಕ್ಕದ್ದು ಒಂದೇ ಉಂಡಿ, ಅದೂ ಒಡೆದದ್ದು!

ಈ ವಿದ್ಯೆ ಅವರಿಗೆ ಎಲ್ಲಿಂದ ಬಂತು ಎಂದು ನಾನು ಶೋಧಿಸಿದ್ದೇನೆ. ಲೋಕದ ದೊಡ್ಡ ದೊಡ್ಡ ಟೆಕ್ನಾಲಜಿ ಕಂಪನಿಗಳ ಮುಖ್ಯಸ್ಥರ ಸಂದರ್ಶನಗಳನ್ನು ಅವರು ಮೊಬೈಲಿನಲ್ಲಿ ನೋಡುತ್ತಾರೆ. ಆ ಮಹನೀಯರು ಗೆದ್ದ ಕಥೆ ಬಂದರೆ ಬೆರಳಿನಿಂದ ಮುಂದಕ್ಕೆ ಓಡಿಸಿಬಿಡುತ್ತಾರೆ. "ಆ ಕಂಪನಿ ನಿಮಗೆ ಸಿಗುವುದರಲ್ಲಿತ್ತಲ್ಲ, ಯಾಕೆ ಬಿಟ್ಟಿರಿ?" ಎಂಬ ಪ್ರಶ್ನೆ ಬಂದಲ್ಲಿ ಮಾತ್ರ ನಿಲ್ಲಿಸಿ, ಹಿಂದಕ್ಕೆಳೆದು, ಕಣ್ಣರಳಿಸಿ ಮತ್ತೆ ಮತ್ತೆ ನೋಡುತ್ತಾರೆ, ಬೇರೆಯವರು ಕುಸ್ತಿ ನೋಡಿದ ಹಾಗೆ.

"ಎಷ್ಟ್ ನಾಜೂಕ ಜಾರಿಕೊಂಡ ನೋಡ್ರಿ ಮಾಸ್ತರ್ರ! 'ಆ ಹೊತ್ತಿನ್ಯಾಗ ನಮ್ಮ ಲಕ್ಷ್ಯ ಬ್ಯಾರೆ ಕಡೆ ಇತ್ತು' ಅಂತಾನ. ಆಹಾ! ಆತನೂ ಬಿಟ್ಟಾನ, ನಾನೂ ಬಿಟ್ಟೀನಿ. ಆತನ ಮುಂದ ಮೈಕ್ ಐತಿ, ನನ್ನ ಮುಂದ ಹೋಳಿಗಿ ಐತಿ. ಅಷ್ಟs ಫರಕು."

ಆಮೇಲೆ ಕಿನ್ನಾಳದ ಪ್ರಸಂಗ. ಅಲ್ಲಿಯ ಬಣ್ಣದ ಮರದ ಗೊಂಬೆಗಳನ್ನು ಮೊಬೈಲಿನಲ್ಲಿ ಮಾರಲೆಂದು ಒಬ್ಬ ಹೆಣ್ಣುಮಗಳು ಒಂದು ಉಪಾಯ ಮಾಡಿದ್ದಳು. ಪರದೆಯ ಮೇಲೆ ಬೆರಳಾಡಿಸಿದರೆ ಗೊಂಬೆ ಸುತ್ತ ತಿರುಗಿ ಬೆನ್ನು, ಸೊಂಟ, ಕಾಲು ಎಲ್ಲ ತೋರಿಸುತ್ತಿತ್ತು. ಷಡ್ಡಕರು ಗೌರಿಯ ಗೊಂಬೆಯನ್ನು ಬಹಳ ಹೊತ್ತು ತಿರುಗಿಸಿ, ಮನಸಾರೆ ಹೊಗಳಿ, ಆಮೇಲೆ "ಗೊಂಬಿ ತಿರಗತೈತಿ ಖರೆ, ವ್ಯಾಪಾರ ತಿರಗಬೇಕಲ್ಲ ತಂಗಿ?" ಎಂದು ಬೀಳ್ಕೊಟ್ಟರು. ವರ್ಷದೊಳಗೆ ಬೆಂಗಳೂರಿನ ಸೋಫಾ ಕಂಪನಿಯೊಂದು ಆ ಉಪಾಯವನ್ನು ಕೊಂಡು ಸೋಫಾಗಳನ್ನು ತಿರುಗಿಸತೊಡಗಿತು. ಷಡ್ಡಕರನ್ನು ಕೇಳಿದರೆ ನಿಟ್ಟುಸಿರಿಟ್ಟರು: "ಟೈಮಿಂಗ್ ತಪ್ಪಿತ್ರಿ. ನಾ ಭಾಳ ಮುಂದಿದ್ದೆ. ಜಗತ್ತು ಹಿಂದಿತ್ತು."

ಇದನ್ನು ಅವರು ಎಷ್ಟು ವಿಷಾದದಿಂದ ಹೇಳಿದರೆಂದರೆ, ಹಿಂದುಳಿದದ್ದಕ್ಕೆ ಜಗತ್ತಿನ ಪರವಾಗಿ ನಾನೇ ಕ್ಷಮೆ ಕೇಳುವುದರಲ್ಲಿದ್ದೆ!

ಹೊಟ್ಟೆಕಿಚ್ಚಿಗೆ ಒಂದೇ ಮದ್ದು, ಅನುಕರಣೆ. ನಮ್ಮ ಕಾಲೇಜಿನ ಪ್ರಭಾರಿ ಪ್ರಾಚಾರ್ಯರ ಹುದ್ದೆ ನನಗೆ ಬರುವುದರಲ್ಲಿತ್ತು, ಬರಲಿಲ್ಲ. ನನಗಿಂತ ಕಿರಿಯರೊಬ್ಬರು ಆ ಕುರ್ಚಿಯಲ್ಲಿ ಕೂತರು. ದೀಪಾವಳಿಗೆ ಮಾವನ ಮನೆಗೆ ಹೋಗುವ ಮುಂಚೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಊಟದ ಹೊತ್ತಿಗೆ ಮಾವನವರು ಕೇಳಿದರು. ನಾನು ರೊಟ್ಟಿ ಮುರಿದೆ, ಅದ್ದಿದೆ, ನುಂಗಿದೆ.

"ಅದು ಹಂಗ್ರಿ ಮಾವಾರ, ಕಲ್ಚರ್ ಹೊಂದಲಿಲ್ಲ. ಟೈಮಿಂಗೂ ಸರಿ ಇರಲಿಲ್ಲ. ನನ್ನ ಲಕ್ಷ್ಯ ಬ್ಯಾರೆ ಕಡೆ ಇತ್ತು. ಹಿಂಗಾಗಿ…"

"ಅಂದ್ರ ಕೊಡಲಿಲ್ಲ ಅನ್ರಿ" ಎಂದರು ಮಾವನವರು.

ನನ್ನ ಹೆಂಡತಿ ನಕ್ಕ ನಗೆಗೆ ಹಿತ್ತಲ ಪಾರಿವಾಳಗಳು ಹಾರಿದವು. ಷಡ್ಡಕರೊಬ್ಬರೇ ನಗಲಿಲ್ಲ. ಕೈತೊಳೆಯುವಾಗ ಬಳಿಗೆ ಬಂದು ಮೆಲ್ಲಗೆ, "ಒಂದ್ ಸಲಕ್ಕ ಒಂದs ಕಾರಣ ಹೇಳಬೇಕ್ರಿ ಮಾಸ್ತರ್ರ. ಮೂರೂ ಕೂಡಿಸಿ ಹೇಳಿದ್ರ ಜನಕ್ಕ ಗುಮಾನಿ ಬರತೈತಿ" ಎಂದರು. ಸೋಲುವುದರಲ್ಲೂ ನನಗೆ ಟ್ಯೂಷನ್ನು!

ಹೀಗಿರುವಾಗ ಮುನಿರಾಬಾದಿನ ಹುಡುಗಿಯ ಸುದ್ದಿ ಬಂತು. ಅವಳು ಮೊದಲು ಷಡ್ಡಕರ ಆಫೀಸಿನಲ್ಲೇ ಕೆಲವು ವರ್ಷ ಕೆಲಸ ಮಾಡಿದವಳು. ಬಿಟ್ಟುಹೋಗಿ ಡ್ಯಾಮಿನ ಕಾಲೊನಿಯ ತನ್ನ ಮನೆಯಲ್ಲೇ ಕೂತು ಒಂದು ಹೊಸ ಏರ್ಪಾಟು ಕಟ್ಟಿದ್ದಳು. ಕಾಲುವೆಗೆ ಬಿಟ್ಟ ನೀರು ಎಲ್ಲಿಗೆ ಬಂತು, ಕೊನೆಯ ಹೊಲಕ್ಕೆ ಯಾವಾಗ ಮುಟ್ಟುತ್ತದೆ ಎಂದು ರೈತರ ಫೋನಿಗೆ ಕನ್ನಡದಲ್ಲಿ ಮಾತಾಡಿ ಹೇಳುವ ಏರ್ಪಾಟು. ಷಡ್ಡಕರು ಒಂದು ಮುಂಜಾನೆ ಕಾರು ತೆಗೆದುಕೊಂಡು ನೇರ ಕುಷ್ಟಗಿಗೆ ಬಂದರು.

"ನಡೀರಿ ಮಾಸ್ತರ್ರ, ಮುನಿರಾಬಾದಿಗೆ. ಈ ಸಲ ತೊಗೊಳ್ಳೋದs. ನೀವಿದ್ರ ಮಾತಿಗೆ ಒಂದ್ ತೂಕ ಬರತೈತಿ."

ದಾರಿಯಲ್ಲಿ ಅವರು ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ಚಿಕ್ಕಂದಿನಲ್ಲಿ ಅವರು ಬೆಳೆದದ್ದು ಸೋದರಮಾವನ ಮನೆಯಲ್ಲಿ, ಗಂಗಾವತಿಯ ಆಚೆ. ಆ ಸೋದರಮಾವನ ಹೊಲ ಕಾಲುವೆಯ ತೀರ ಕೊನೆಗೆ. (ಅನ್ನದ ಕಲ್ಚರಿನಲ್ಲೇ ಬೆಳೆದ ಮನುಷ್ಯ! ಪಂಚಮಿಯ ಉಂಡಿ ನೆನಪಾಗಿ ನನ್ನ ಮೈ ಉರಿಯಿತು.)

"ಇವತ್ತ ಬರತೈತಿ, ನಾಳೆ ಬರತೈತಿ ಅಂತ ಕಾಲುವಿ ದಂಡಿ ಮ್ಯಾಲೆ ಕುಂತಿರ್ತಿದ್ವಿ, ನಾನೂ ನಮ್ಮ ಮಾವನೂ. ನೀರ್ ಬಂದ್ರ ಮೊದಲ ವಾಸನಿ ಬರ್ತಿತ್ರಿ, ಹಸಿ ಮಣ್ಣಿಂದು. ಒಂದೊಂದ್ ಸಲ ವಾಸನಿ ಬಂದು, ನೀರs ಬರ್ತಿದ್ದಿಲ್ಲ."

ಅಷ್ಟು ಹೇಳಿ ಗೇರು ಬದಲಿಸಿದರು.

ಹುಡುಗಿ ನಮ್ಮನ್ನು ಕಂಡು ಬಾಗಿಲಿಗೆ ಓಡಿ ಬಂದಳು. ಕುರ್ಚಿ ಒರೆಸಿ ಕೂರಿಸಿ, ಚೂಡಾ, ಚಹಾ ಕೊಟ್ಟಳು. ಷಡ್ಡಕರು ಪೀಠಿಕೆಯಿಲ್ಲದೆ ಹೇಳಿದರು: "ನಿನ್ನ ಕೆಲಸ ನಂಗ ಬೇಕವಾ. ಏನ್ ಹೇಳ್ತಿ ಹೇಳು, ಚೌಕಾಸಿ ಮಾಡಂಗಿಲ್ಲ."

ಅವಳು ಚಹಾದ ತಟ್ಟೆ ಕೆಳಗಿಟ್ಟಳು. "ಸರ್, ಇದನ್ನ ಮೊದಲ ನಿಮಗs ತೋರ್ಸಿದ್ದೆ. ನಿಮ್ಮ ಕಡೆ ಕೆಲಸಕ್ಕಿದ್ದಾಗ. ನೆನಪೈತೇನ್ರಿ?"

ಅವರಿಗೆ ನೆನಪಿರಲಿಲ್ಲ.

"ಗೊಬ್ಬರದ ಅಂಗಡಿ ಬಿಲ್ಲು ಮುಗಿಸವಾ, ಆಮ್ಯಾಲೆ ನೋಡೋಣ ಅಂದಿದ್ರಿ. ಒಂದ್ ಮಳಿಗಾಲ ಪೂರ್ತಿ ಕಾದೆ ಸರ್. ಈಗ ಹುಬ್ಬಳ್ಳಿ ಕಂಪನಿಯವ್ರಿಗೆ ಮಾತು ಕೊಟ್ಟೀನಿ."

"ಅವರಕಿಂತ ಛಲೋ ನೋಡ್ಕೋತೀನಿ."

"ಗೊತ್ತೈತ್ರಿ ಸರ್. ಆದ್ರ ಮಾತು ಕೊಟ್ಟೀನಿ."

ಗೇಟಿನವರೆಗೂ ಬಂದು ಬೀಳ್ಕೊಟ್ಟಳು. ಕಾರು ಹೊರಟಿತು. ನಾನು ಕಾದೆ. ಯಾವುದು ಬರಬಹುದು? ಟೈಮಿಂಗೋ? ಕಲ್ಚರೋ? ಹುಲಿಗಿ ದಾಟಿತು, ಗಿಣಿಗೇರಿ ದಾಟಿತು, ಕೊಪ್ಪಳವೂ ದಾಟಿತು. ಕುಷ್ಟಗಿಯವರೆಗೂ ಬಂದು ನನ್ನನ್ನು ಇಳಿಸಿ ಹೋದರು. ಕಾರಣವೇ ಬರಲಿಲ್ಲ!

ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಮುಂದಿನ ವಾರವೇ ಯಲಬುರ್ಗಾದಲ್ಲಿ ಭಾವಮೈದುನನ ಮಗುವಿನ ತೊಟ್ಟಿಲ ಕಾರ್ಯವಿತ್ತು. ಬೀಗರೆಲ್ಲ ಸೇರುತ್ತಾರೆ. ಒಂದು ವೇಳೆ ಮಾವನವರು ಮರೆತರೆ ನಾನೇ ಪ್ರಶ್ನೆ ಎತ್ತುವುದೆಂದು ನಿಶ್ಚಯಿಸಿ, ಅಂಗಿಗೆ ಎಂದಿಲ್ಲದ ಇಸ್ತ್ರಿ ಹೊಡೆಸಿದೆ.

ನಾನು ಎತ್ತುವ ಅಗತ್ಯ ಬೀಳಲಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬೀಳುತ್ತಿದ್ದಂತೆ ಮಾವನವರೇ, ಎಲ್ಲರಿಗೂ ಕೇಳುವಂತೆ, "ನಿಮ್ಮ ಕಡೆ ಇದ್ದ ಹುಡುಗಿ ಕಂಪನಿ ಹುಬ್ಬಳ್ಳಿಗೆ ಹೋತಂತ? ಅದನ್ಯಾಕ ಬಿಟ್ರಿ?" ಎಂದರು. ಪಂಕ್ತಿಗೆ ಪಂಕ್ತಿಯೇ ಕಿವಿಯಾಯಿತು. ಹೊಸ ಕಥೆ ಬರುತ್ತದೆಂದು ಅತ್ತೆಯವರು ತುಪ್ಪದ ಗಿಂಡಿ ಹಿಡಿದು ಸಿದ್ಧರಾಗಿ ನಿಂತರು.

"ಅದೇನಾತಂದ್ರ ಮಾವಾರ…" ಎಂದರು ಷಡ್ಡಕರು. ಹೋಳಿಗೆ ಮುರಿದರು, ತಿನ್ನಲಿಲ್ಲ. "ಅದು ನಂಗ ಬೇಕಾಗಿತ್ರಿ. ಸಿಗಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮಾವನವರು "ಹಾಂ ಹಾಂ" ಎಂದು ಎಲೆಯ ಕಡೆ ನೋಡಿದರು. ಯಾರೋ ಸಾರು ಬೇಡಿದರು. ಷಡ್ಡಕರ ಹೆಂಡತಿ ಬಡಿಸುತ್ತಿದ್ದ ಪಾತ್ರೆಯನ್ನು ಅಲ್ಲೇ ಇಟ್ಟು ಗಂಡನನ್ನೇ ನೋಡುತ್ತ ನಿಂತುಬಿಟ್ಟರು.

ನಾನು ವರ್ಷಗಳಿಂದ ಕಾದಿದ್ದ ಗಳಿಗೆ ಇದೇ ತಾನೇ? ತುಪ್ಪ ಹಾಕಿಸಿಕೊಂಡು ಸುಖವಾಗಿ ಉಣ್ಣಬೇಕಿತ್ತು. ಬಾಯಿ ಯಾಕೆ ತೆರೆಯಿತೋ ನನಗೆ ಇವತ್ತಿಗೂ ತಿಳಿಯದು.

"ಹಂಗಲ್ರಿ ಮಾವಾರ!" ಎಂದೆ. "ನಾನೂ ಜೋಡಿ ಹೋಗಿದ್ದೆ. ಇವರs ಬಿಟ್ರು."

"ಹೌದಾ? ಯಾಕ?"

ಯಾಕೆ? ಅಷ್ಟು ದೂರ ನಾನು ಯೋಚಿಸಿರಲಿಲ್ಲ. "ಯಾಕಂದ್ರ… ಅದರಾಗ ನೀರಿತ್ರಿ."

"ನೀರಾ?"

"ಹೌದ್ರಿ, ಕಾಲುವಿ ನೀರು. ಇವರ ಆಫೀಸಿನ್ಯಾಗ ನೋಡಿದ್ರ ಎಲ್ಲಾ ಕರೆಂಟಿನ ಸಾಮಾನು. ಕಂಪ್ಯೂಟರಿಗೆ ನೀರು ತಾಕಬಾರದಲ್ರಿ…"

ಪಂಕ್ತಿ ಭೋರ್ಗರೆಯಿತು! ಸಾರು ನೆತ್ತಿಗೇರಿದವರು ಎಷ್ಟೋ. ತೊಟ್ಟಿಲ ಕೂಸು ಎಚ್ಚೆತ್ತು ಅಳತೊಡಗಿತು. ಷಡ್ಡಕರ ಭುಜ ಕುಲುಕಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ, ತನ್ನ ರಾಗವನ್ನು ಇನ್ನೊಬ್ಬ ಹಾಳುಮಾಡಿದ್ದನ್ನು ಕೇಳಿದ ಗವಾಯಿಯಂತೆ ಮುಖ ಮಾಡಿದರು.

"ಮಾಸ್ತರ್ರ, ಸೋತೆ ಅಂದ್ರೂ ನಡೀತೈತಿ, ನೀರು ತಾಕತೈತಂತ ಬಿಟ್ಟೆ ಅಂದ್ರ ನನ್ನ ಮಾನ ಹೋಗತೈತ್ರಿ!" ಎಂದು ಮಾವನವರ ಕಡೆ ತಿರುಗಿದರು. "ಹಂಗಲ್ಲ ಮಾವಾರ, ನಾ ಹೇಳ್ತೀನಿ ಕೇಳ್ರಿ. ಹುಬ್ಬಳ್ಳಿಯವ್ರು ಯಾರನ್ನ ತೊಗೊಂಡಾರ? ನನ್ನ ಕಡೆ ಕಲತ ಹುಡುಗೀನ್ನ. ಆಕಿ ಹೇಳಿದಂಗ ಇನ್ನ ಆ ಕಂಪನಿ ನಡಿಬೇಕು. ಅಂದಮ್ಯಾಲೆ ಯಾರು ಯಾರನ್ನ ತೊಗೊಂಡಂಗಾತು?"

ಮಾವನವರು ಹೋಳಿಗೆ ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಯೋಚಿಸಿದರು. "ಹೌದಲ್ಲs!" ಎಂದರು. ಗಿಂಡಿಯ ತುಪ್ಪವೆಲ್ಲ ಷಡ್ಡಕರ ಎಲೆಗೇ ಇಳಿಯಿತು. ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಊಟ ಮುಗಿದ ಮೇಲೆ ಹಿತ್ತಲಲ್ಲಿ ಅವರೊಬ್ಬರೇ ನಿಂತಿದ್ದರು. ನಾನು ತಂಬಿಗೆ ಎತ್ತಿ ಅವರ ಕೈಗೆ ನೀರು ಹಾಕಿದೆ.

"ಭಾಳ ಕೆಟ್ಟ ಸುಳ್ಳು ಹೇಳ್ತೀರಿ ಮಾಸ್ತರ್ರ."

"ನಿಮ್ಮಷ್ಟು ರೂಢಿ ಇಲ್ರಿ."

ಅವರು ನಗಲಿಲ್ಲ. ಕೈ ಉಜ್ಜಿಕೊಳ್ಳುತ್ತಲೇ ಇದ್ದರು. "ಮುಂಜಾನಿ ಆಕಿ ಫೋನ್ ಮಾಡಿದ್ಳು. ನೀರು ಕೊನೀ ಹೊಲ ಮುಟ್ಟೇತಂತ. ಹೊಲದವ್ರು ಫೋನಿನ ಮಾತು ಕೇಳಿ ಮೊದಲs ಬಂದು ನಿಂತಿದ್ರಂತ. ಹುಬ್ಬಳ್ಳಿಯವ್ರಿಗೆ ಇನ್ನೂ ಹೇಳಿಲ್ಲ ಸರ್, ಮೊದಲ ನಿಮಗ ಹೇಳಬೇಕನಿಸ್ತು ಅಂದ್ಳು."

ಬಗ್ಗಿ ಬೊಗಸೆ ಒಡ್ಡಿದರು, ಮುಖ ತೊಳೆದರು, ಮತ್ತೆ ಒಡ್ಡಿದರು.

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಎಷ್ಟೋ ಹುಡುಗರು ನನ್ನ ಕೈಕೆಳಗೆ ಕಲಿತು ಎಲ್ಲೆಲ್ಲಿಗೋ ಹೋಗಿದ್ದಾರೆ. ಮೊದಲು ನಿಮಗೇ ಹೇಳಬೇಕೆನಿಸಿತು ಎಂದು ಒಬ್ಬರೂ ನನಗೆ ಫೋನ್ ಮಾಡಿಲ್ಲ. ಹೊಟ್ಟೆ ಉರಿಯಿತು, ಹಿಂದೆಂದೂ ಉರಿಯದಷ್ಟು ಉರಿಯಿತು. ಅವರು ತಲೆ ಎತ್ತದೆ ಮುಖ ತೊಳೆಯುತ್ತಲೇ ಇದ್ದರು. ನಾನು ತಂಬಿಗೆ ಬರಿದಾದಂತೆಲ್ಲ ಮತ್ತೆ ತುಂಬಿಕೊಂಡು, ಅವರು ಸಾಕೆನ್ನುವವರೆಗೆ ನೀರು ಹಾಕುತ್ತ ನಿಂತೆ.